ಒಂಬತ್ತು ಮುಖಗಳ ಪುಟ

ದೊಡ್ಡಹನುಮಯ್ಯನವರು ಕನ್ನಡಕ ತೆಗೆದರು, ಪಂಚೆಯ ತುದಿಯಲ್ಲಿ ಒರೆಸಿದರು, ಮತ್ತೆ ಹಾಕಿಕೊಂಡರು. ಆಮೇಲೆ ನಾಲ್ಕು ಮಡಿಕೆಯಾಗಿದ್ದ ಕಾಗದವೊಂದನ್ನು ಬಿಚ್ಚಿ ಜಗಲಿಯ ಮೇಲೆ, ತಮ್ಮನ ಮಗಳು ರಮ್ಯಶ್ರೀಯ ಮುಂದೆ, ಅಂಗೈಯಿಂದ ಸವರಿ ಸವರಿ ಹಾಸಿದರು.

“ಓದವ್ವ,” ಎಂದರು.

ಓದುವುದಕ್ಕೇನಿತ್ತು? ಅದು ಆರ್ಕುಟ್‌ನಲ್ಲಿ, ನೆಂಟರಿಷ್ಟರ ಮುಖಗಳನ್ನು ಸಾಲಾಗಿ ತೋರಿಸುವ ಆ ಇಂಟರ್ನೆಟ್ ತಾಣದಲ್ಲಿ, ಇದ್ದ ಅವಳದೇ ಪುಟ. ಯಾರೋ ಬಣ್ಣದಲ್ಲಿ ಪ್ರಿಂಟ್ ತೆಗೆದಿದ್ದರು. ಯಾರೋ ಏನು, ಚಿಕ್ಕಪ್ಪ ನಂಜುಂಡಪ್ಪನವರೇ. ವಿಜಯನಗರದಲ್ಲಿ ಎಲೆಕ್ಟ್ರಿಕಲ್ ಅಂಗಡಿ, ಮನೆಯಲ್ಲಿ ಕಂಪ್ಯೂಟರು, ಅದರ ಪಕ್ಕದಲ್ಲಿ ಪ್ರಿಂಟರು ಇಟ್ಟುಕೊಂಡವರು ಈ ವಂಶದಲ್ಲಿ ಅವರೊಬ್ಬರೇ. ಹಿಂದಿನ ದಿನ ಯಾರದೋ ಗೃಹಪ್ರವೇಶದಲ್ಲಿ ಊಟದ ಪಂಕ್ತಿಯುದ್ದಕ್ಕೂ ಆ ಕಾಗದವನ್ನು ಕೈಯಿಂದ ಕೈಗೆ ದಾಟಿಸಿದ್ದರಂತೆ. “ನೋಡಿ, ನಮ್ಮ ಹುಡುಗಿ ಇಂಟರ್ನೆಟ್ಟಲ್ಲಿ ನನ್ನ ಎಲ್ಲಿ ಕೂರ್ಸಿದಾಳೆ!” ಪಂಕ್ತಿಯ ಕೊನೆಯಲ್ಲಿ ಕೂತಿದ್ದವರು ದೊಡ್ಡಪ್ಪ.

“ಮೇಲ್ಗಡೆ ದೇವರ ಹೆಸರಿಲ್ಲ,” ದೊಡ್ಡಪ್ಪ ಕಾಗದದ ನೆತ್ತಿಗೆ ಬೆರಳಿಟ್ಟರು. “ಹೋಗ್ಲಿ. ನೆಲವೆಲ್ಲಾ ಕಪ್ಪು. ಮದ್ವೆ ಹೆಣ್ಣಿನ ಪತ್ರಿಕೆಗೆ ಯಾರಾದ್ರೂ ಕಪ್ಪು ಬಳೀತಾರಾ? ಅದೂ ಹೋಗ್ಲಿ.”

“ದೊಡ್ಡಪ್ಪ, ಇದು ಪತ್ರಿಕೆ ಅಲ್ಲ...”

“ಇರು, ಮುಗಿಸ್ತೀನಿ.”

ರಮ್ಯಶ್ರೀ ಬಾಯಿ ಮುಚ್ಚಿಕೊಂಡಳು. ಇದೇ ಜಗಲಿಯ ಮೇಲೆ, ಇದೇ ಕಂಬಕ್ಕೆ ಒರಗಿ ಅವಳು ಬೆಳೆದಿದ್ದಳು. ಅವಳ ಅಪ್ಪ ತೀರಿಕೊಂಡಾಗ ಅವಳಿನ್ನೂ ಎರಡನೇ ಕ್ಲಾಸು. ಆಗಿನಿಂದ ಶ್ರಾವಣದ ಶನಿವಾರಗಳಲ್ಲಿ ದೊಡ್ಡಪ್ಪ ಇಲ್ಲಿ ಕೂತು ಷಟ್ಪದಿ ಓದುತ್ತಿದ್ದರೆ, ಎದುರಿಗೆ ಕಣ್ಣು ಮುಚ್ಚಿ ಕೂತು ಕೇಳುತ್ತಿದ್ದವಳು ಇವಳು. ಆರು ಸಾಲೂ ಮುಗಿದು ದೊಡ್ಡಪ್ಪ ಉಸಿರು ಬಿಡುವವರೆಗೆ ಯಾರೂ ಕೆಮ್ಮಬಾರದು, ಏಳಬಾರದು. ಹಾಗೆ ಕೇಳಿ ಕೇಳಿ ಕಿವಿ ಹದವಾಯಿತು, ಭಕ್ತಿ ಕಲಿತಾಯಿತು. ಆದರೆ ಎದುರಿನವರು ತಪ್ಪು ಮಾತಾಡುತ್ತಿದ್ದರೂ ನಡುವೆ ಬಾಯಿ ಹಾಕುವ ವಿದ್ಯೆ ಮಾತ್ರ ಬರಲೇ ಇಲ್ಲ. ಇಪ್ಪತ್ತನಾಲ್ಕು ತುಂಬಿ, ಬಸವೇಶ್ವರನಗರದ ಕ್ಲಿನಿಕ್ಕಿನಲ್ಲಿ ದಿನಕ್ಕೆ ಎಂಬತ್ತು ರೋಗಿಗಳನ್ನು ಸಾಲಿನಲ್ಲಿ ಕೂರಿಸುವ ಕೆಲಸ ಮಾಡುತ್ತಿದ್ದರೂ, ಈ ಜಗಲಿಗೆ ಬಂದರೆ ಅವಳು ಎರಡನೇ ಕ್ಲಾಸೇ.

“ಇಲ್ಲಿ ಒಂಬತ್ತು ಮುಖ ಐತೆ,” ದೊಡ್ಡಪ್ಪ ಮುಂದುವರಿಸಿದರು. “ಮೂರು ಸಾಲು, ಸಾಲಿಗೆ ಮೂರು. ಮೊದಲ್ನೇ ಜಾಗದಲ್ಲಿ ಯಾರವ್ನೆ? ನಂಜುಂಡ. ನಾನೆಲ್ಲಿ? ಇಗೋ. ಕೊನೇ ಸಾಲು, ಕೊನೇ ಮೂಲೆ. ನನ್ನ ನೆತ್ತಿ ಮೇಲೆ ಯಾರಿದು, ನಾಲ್ಗೆ ಚಾಚ್ಕೊಂಡು?”

“ಬ್ಯೂಟಿ ಪಾರ್ಲರ್ ಹುಡುಗಿ. ಮದುವೆಗೆ ಮೇಕಪ್ ಮಾಡೋಳು.”

“ಸರಿಹೋಯ್ತು. ಅವಳ ಕಾಲಡಿ ನಾನು.”

ಒಳಗಿನಿಂದ ದೊಡ್ಡಮ್ಮ ಬೋರಮ್ಮ ಕಾಫಿ ಲೋಟ ಹಿಡಿದು ಬಂದರು. “ಮಗು ಡ್ಯೂಟಿ ಬಿಟ್ಟು ಬಂದೈತೆ. ಕುಡಿಯಕ್ಕಾದ್ರೂ ಬಿಡಿ ಅತ್ಲಾಗಿ. ಯಾವ್ದೋ ಫೋಟೋಕ್ಕೆ ಇಷ್ಟೊಂದಾ?”

“ಫೋಟೋ ಅಲ್ಲ ಕಣೇ. ಅಚ್ಚಾಗೈತೆ. ಅಚ್ಚಾದ್ಮೇಲೆ ಮುಗೀತು.” ದೊಡ್ಡಪ್ಪ ಕಾಗದ ಮಡಿಚಿದರು. “ಲಗ್ನಪತ್ರಿಕೇಲಿ ನನ್ನ ಹೆಸರು ಮೊದ್ಲು ಹಾಕ್ಸಿ, ಊರೋರೆಲ್ಲಾ ನೋಡೋ ಕಡೆ ಮೂಲೆಗೆ ತಳ್ಳೋದಾ? ಧಾರೆ ನಂಜುಂಡನೇ ಎರೀಲಿ. ನಾನು ಬಂದು ಉಂಡು ಹೋಗ್ತೀನಿ. ಅದೂ ಕರೆದ್ರೆ.”

ಮದುವೆಗೆ ಇನ್ನು ಹದಿನೇಳು ದಿನ. ಬೇರೆ ಯಾವುದಕ್ಕೂ ರಮ್ಯಶ್ರೀ ಅಷ್ಟು ಕೊರಗುತ್ತಿರಲಿಲ್ಲ. ವಾಲಗ ಬರದಿದ್ದರೂ ನಡೆಯುತ್ತಿತ್ತು, ರವಿಕೆ ಬಿಗಿಯಾದರೂ ನಡೆಯುತ್ತಿತ್ತು. ಅಪ್ಪನ ಜಾಗದಲ್ಲಿ ನಿಂತು ತನ್ನ ಕೈಯ ಮೇಲೆ ಹಾಲು ಹೊಯ್ಯುವವರು ದೊಡ್ಡಪ್ಪನೇ ಆಗಬೇಕು ಎನ್ನುವುದೊಂದು ಅವಳಿಗೆ ಬೇಕಿತ್ತು. ಅದನ್ನು ಅವಳು ಬಾಯಿ ಬಿಟ್ಟು ಯಾರಿಗೂ ಹೇಳಿರಲಿಲ್ಲ. ಹೇಳಬೇಕಾದೀತು ಅಂತ ಅನ್ನಿಸಿಯೂ ಇರಲಿಲ್ಲ.

ಸ್ಕೂಟಿಯಲ್ಲಿ ಹೇರೋಹಳ್ಳಿಯ ಹೊಂಡಗಳನ್ನು ಎಣಿಸುತ್ತಾ ವಾಪಸು ಬರುವಾಗ ಅವಳಿಗೆ ಅಳುವೂ ಬಂತು, ನಗುವೂ ಬಂತು, ಕೊನೆಗೆ ಎರಡೂ ಕೂಡಿ ಬರೀ ತಲೆನೋವಾಯಿತು. ಒಳ್ಳೆಯದಕ್ಕೆಂದು ಮಾಡಿದ ಕೆಲಸ ಇದು. ಹುಡುಗ ಗೌತಮ್‌ನ ಅಕ್ಕ ಹಾಸನದಲ್ಲಿ ಬಾಣಂತಿ. ಮದುವೆಗೆ ಬರುವಂತಿರಲಿಲ್ಲ. “ನಿಮ್ಮ ಕಡೆ ದೊಡ್ಡೋರನ್ನೆಲ್ಲಾ ಅದರಲ್ಲಿ ಸೇರಿಸು, ಮುಖನಾದ್ರೂ ನೋಡ್ತೀನಿ” ಅಂತ ಅವಳು ಆಸೆ ಪಟ್ಟಿದ್ದಳು. ಅದಕ್ಕೇ ರಮ್ಯಶ್ರೀ ಒಂದು ಭಾನುವಾರ ಮನೆಮನೆಗೆ ಹೋಗಿ, ಹಿರಿಯರನ್ನು ಗೋಡೆಗೆ ಒರಗಿಸಿ ಫೋಟೋ ತೆಗೆದು, ಒಬ್ಬೊಬ್ಬರಿಗೂ ಒಂದೊಂದು ಖಾತೆ ತೆರೆದಿದ್ದಳು.

*

ಬಸವೇಶ್ವರನಗರದ ಸೈಬರ್ ಸೆಂಟರಿನ ಅಮರೇಶ ಸಿಂಧನೂರಿನ ಕಡೆಯವನು. ಊರು ಬಿಟ್ಟು ಆರು ವರ್ಷವಾಗಿದ್ದರೂ ಮಾತು ಬಿಟ್ಟಿರಲಿಲ್ಲ. ಅಂಗಡಿಯಲ್ಲಿ ಎಂಟು ಕಂಪ್ಯೂಟರು, ಗೋಡೆಯಲ್ಲಿ ಒಂದು ಬಸವಣ್ಣನ ಪಟ, ಅದರ ಮುಂದೆ ಮೂರು ಹೊತ್ತೂ ಊದುಬತ್ತಿ. ರಮ್ಯಶ್ರೀ ಹೇಳಿದ್ದನ್ನೆಲ್ಲ ಅವನು ಗಂಭೀರವಾಗಿ ಕೇಳಿದ.

“ಕಪ್ಪು ತೆಗಿಯೂದು ಸಸಾರ ಬಿಡ್ರಿ ಅಕ್ಕಾರ. ಥೀಮ್ ಬದಲಿ ಮಾಡಿದ್ರ ಆತು.”

ತಾಣದಲ್ಲಿದ್ದ ಥೀಮುಗಳನ್ನು ಇಬ್ಬರೂ ಒಂದೊಂದಾಗಿ ಹಾಕಿ ನೋಡಿದರು. ಒಂದರಲ್ಲಿ ಸಮುದ್ರ ಬಂತು, ಒಂದರಲ್ಲಿ ಮಂಜಿನ ಗುಡ್ಡ ಬಂತು, ಒಂದರಲ್ಲಿ ಗುಲಾಬಿ ಬಣ್ಣದ ಮೇಲೆ ಬೆಕ್ಕಿನ ಮರಿ ಬಂತು. ಅರಿಸಿನ ಬಣ್ಣದ್ದು ಮಾತ್ರ ಇರಲಿಲ್ಲ. ತಲೆಯ ಮೇಲೆ ಗಣಪತಿ ಕೂರುವಂಥದ್ದಂತೂ ಇಲ್ಲವೇ ಇಲ್ಲ.

“ಬೆಕ್ಕಿಂದು ಆಗಂಗಿಲ್ಲೇನ್ರಿ?”

“ಅಮರೇಶ್, ನನಗೆ ಮೊದಲೇ ತಲೆ ಕೆಟ್ಟಿದೆ.”

“ಹಂಗಾದ್ರ ತಡೀರಿ, ಒಂದು ಉಪಾಯ ಐತಿ.” ಅವನು ನಾಲ್ಕನೇ ನಂಬರಿನ ಕಂಪ್ಯೂಟರಿನ ಮುಂದೆ ಕೂತು ಎಲ್ಲಿಂದಲೋ ಏನೋ ಇಳಿಸಿಕೊಂಡ, ಏನೇನೋ ಅಂಟಿಸಿದ. ಕಾಲು ಗಂಟೆಯಲ್ಲಿ ಅವಳ ಪುಟ ನಿಂಬೆಹಣ್ಣಿನ ಹಳದಿಗೆ ತಿರುಗಿತು, ಎರಡೂ ಅಂಚಿನಲ್ಲಿ ಮಾವಿನೆಲೆ ತೋರಣ ಇಳಿಬಿತ್ತು, ನಡುನೆತ್ತಿಯಲ್ಲಿ ಗಣಪತಿ ಬಂದು ಕೂತ. “ಆದ್ರ ಒಂದು ಮಾತ್ರಿ. ಈ ವೇಷ ಈ ಮಷೀನಿನಾಗ ಅಷ್ಟ ಕಾಣ್ತೈತಿ. ಬ್ಯಾರೆ ಕಡೆ ತಗದು ನೋಡಿದ್ರ ಹಳೇ ಕಪ್ಪ.”

“ಅಂದ್ರೆ ಹಾಸನದಲ್ಲಿ ನೋಡಿದ್ರೆ?”

“ಕಪ್ಪ.”

“ಚಿಕ್ಕಪ್ಪನ ಮನೇಲಿ?”

“ಕಪ್ಪರಿ. ನಾಲ್ಕನೇ ನಂಬರಿನಾಗ ಅಷ್ಟ ಹಳದಿ. ದೊಡ್ಡವ್ರಿಗೆ ಇಲ್ಲೇ ತೋರಿಸಿ ಕಳಸ್ರಲ್ಲ, ಮುಗೀತು.”

ಅದಾದರೂ ಆಗಲಿ ಎಂದುಕೊಂಡು ರಮ್ಯಶ್ರೀ ಮುಖ್ಯವಾದ ವಿಷಯಕ್ಕೆ ಬಂದಳು. ಒಂಬತ್ತು ಮುಖಗಳಲ್ಲಿ ದೊಡ್ಡಪ್ಪನನ್ನು ಮೊದಲಿಗೆ ತರಬೇಕು. ಅಮರೇಶ ತಲೆ ಕೆರೆದುಕೊಂಡ.

“ಅದು ನಿಮ್ಮ ಕೈಯಾಗಿಲ್ರಿ, ನನ್ನ ಕೈಯಾಗೂ ಇಲ್ಲ. ಯಾರು ಕಡೀಕ ಒಳಗ ಬಂದಿರ್ತಾರ, ಅವ್ರ ಮುಖ ಮೊದಲ ಬರ್ತೈತಿ. ನಿಮ್ಮ ಕಾಕಾರು ದಿನಾ ತಗೀತಾರ, ಅದಕ್ಕ ಮ್ಯಾಲ ಅದಾರ. ದೊಡ್ಡವ್ರು ಖಾತೆ ತೆರೆದ ದಿನಾ ಬಿಟ್ಟರ ಮತ್ತ ಬಂದ ಇಲ್ಲ. ಮೂಲಿಯಾಗ ಉಳದಾರಲ್ಲ, ಅದ ಅವರ ಪುಣ್ಯ.”

ರಮ್ಯಶ್ರೀ ಪರದೆಯನ್ನೇ ನೋಡುತ್ತಾ ಕೂತಳು. ಚಿಕ್ಕಪ್ಪನನ್ನು ಪಟ್ಟಿಯಿಂದ ತೆಗೆದೇ ಬಿಡೋಣವೆಂದರೆ ಛತ್ರ, ಅಡುಗೆಯವರು, ವಾಲಗ, ಬಸ್ಸು ಎಲ್ಲವನ್ನೂ ಹೊತ್ತು ಓಡಾಡುತ್ತಿದ್ದವರು ಅವರೇ. ದೊಡ್ಡಪ್ಪನ ಖಾತೆಯನ್ನು ತಾನೇ ದಿನಕ್ಕೊಮ್ಮೆ ತೆರೆಯೋಣ ಎಂದುಕೊಂಡು ಅಲ್ಲಿಂದಲೇ ಹೇರೋಹಳ್ಳಿಗೆ, ಅವರ ಮನೆಗೆ ಫೋನ್ ಮಾಡಿದಳು. ಮಾತು ಮುಗಿಯುವ ಮುಂಚೆಯೇ ಅತ್ತಲಿಂದ ಉತ್ತರ ಬಂತು.

“ದೇವರ ಮುಂದೆ ನಿಲ್ಲಕ್ಕೆ ಯಾರಾದ್ರೂ ಬದಲಿ ಆಳು ಕಳಿಸ್ತಾರಾ? ನನ್ನ ಜಾಗಕ್ಕೆ ನಾನೇ ಬಂದು ಕೂರ್ತೀನಿ. ಎಲ್ರೂ ಬರ್ಲಿ. ಎಲ್ರ ಎದುರ್ಗೇ ಆಗ್ಲಿ.”

*

ಭಾನುವಾರ ಬೆಳಿಗ್ಗೆ ಹತ್ತಕ್ಕೆ ಸೈಬರಿನ ಮೆಟ್ಟಿಲ ಮೇಲೆ ಐದು ಜೊತೆ ಚಪ್ಪಲಿ ಬಿಟ್ಟಿದ್ದವು. ಬಸವಣ್ಣನ ಪಟ, ಊದುಬತ್ತಿ ಕಂಡದ್ದೇ ದೊಡ್ಡಪ್ಪ ಹೊರಗೇ ಬಿಟ್ಟರು, ಅವರನ್ನು ನೋಡಿ ಉಳಿದವರೂ ಬಿಟ್ಟರು. ದೊಡ್ಡಪ್ಪ, ದೊಡ್ಡಮ್ಮ, ಸೋದರಮಾವ ಈರಪ್ಪ, ಚಿಕ್ಕಪ್ಪ, ಅವಳ ಅಮ್ಮ ಲಿಂಗಮ್ಮ. ಆಮೇಲೆ ಬಂದ ಕಾಲೇಜು ಹುಡುಗರಿಬ್ಬರು ಚಪ್ಪಲಿಗಳನ್ನು ನೋಡಿ, ಒಬ್ಬರ ಮುಖ ಒಬ್ಬರು ನೋಡಿ, ತಾವೂ ಶೂ ಬಿಚ್ಚಿ ಒಳಗೆ ಬಂದರು.

ರಮ್ಯಶ್ರೀ ಹಿಂದಿನ ದಿನ ಎಲ್ಲರಿಗೂ ಫೋನಿನಲ್ಲಿ ಬಿಡಿಸಿ ಹೇಳಿದ್ದಳು, ಹೊರಡುವಾಗ ಮನೆಯಲ್ಲಿ ಅಮ್ಮನಿಗೆ ಹೇಳಿದ್ದಳು, ಮೆಟ್ಟಿಲ ಮೇಲೆ ಮತ್ತೊಮ್ಮೆ ಹೇಳಿದಳು. ಕಿರಿಯರು ಮೊದಲು ತಂತಮ್ಮ ಖಾತೆಯೊಳಗೆ ಹೋಗಿ ಬರಬೇಕು, ಹಿರಿಯರು ಕೊನೆಗೆ. ಕೊನೆಗೆ ಬಂದವರೇ ಮೊದಲು ಕಾಣುತ್ತಾರೆ. ಎಲ್ಲರೂ ತಲೆಯಾಡಿಸಿದ್ದರು.

ನಾಲ್ಕನೇ ನಂಬರಿನ ಕುರ್ಚಿಯನ್ನು ಅಮರೇಶ ಎಳೆದು ಕೊಟ್ಟದ್ದೇ ತಡ, ಈರಪ್ಪ ಮಾವ ಸರಿದು ನಿಂತು, “ಭಾವ, ನೀವು ಕೂತ್ಕೊಳಿ ಮೊದ್ಲು,” ಎಂದರು.

“ಮಾವ, ಅಮ್ಮ ಮೊದಲು...”

“ಅದೆಂಗಾಯ್ತದೆ? ಹಿರೀಕ್ರು ನಿಂತಿರುವಾಗ?” ಅಮ್ಮ ಸೆರಗು ಹೊದ್ದು ಹಿಂದೆ ಸರಿದಳು. “ಭಾವೋರೇ, ಕೂತ್ಕೊಳಿ.”

ಚಿಕ್ಕಪ್ಪನೂ, ಎಲ್ಲ ತಿಳಿದ ಚಿಕ್ಕಪ್ಪನೂ, ಕೈ ಚಾಚಿ ಕುರ್ಚಿ ತೋರಿಸಿದರು. ದೊಡ್ಡಪ್ಪ ಗಂಟಲು ಸರಿಮಾಡಿಕೊಂಡು, ಪೂರ್ವಕ್ಕೆ ಯಾವ ಗೋಡೆ ಅಂತ ಕೇಳಿಕೊಂಡು, ಕೂತೇಬಿಟ್ಟರು. ಒಂದೊಂದೇ ಅಕ್ಷರ ಹುಡುಕಿ ಹುಡುಕಿ ಒತ್ತಿ ಒಳಗೆ ಹೋಗಿ, ಹಳದಿ ಪುಟ ಕಂಡು ಕೈಮುಗಿದು, ಎದ್ದರು. ಆಮೇಲೆ ದೊಡ್ಡಮ್ಮ. ಆಮೇಲೆ ಈರಪ್ಪ ಮಾವ. ಆಮೇಲೆ ಚಿಕ್ಕಪ್ಪ. ಎಲ್ಲರಿಗಿಂತ ಕೊನೆಗೆ ಅಮ್ಮ. ಒಂದು ಅಪಸ್ವರವಿಲ್ಲದೆ, ಚಾಚೂ ತಪ್ಪದ ಮರ್ಯಾದೆಯಿಂದ ಆ ಐವರೂ ತಮ್ಮನ್ನು ತಲೆಕೆಳಗು ಮಾಡಿಕೊಂಡರು.

ಅಮರೇಶ ಪುಟ ತೆರೆದ. ಗಣಪತಿಯ ಕೆಳಗೆ ಮೊದಲನೆಯ ಮುಖ ಲಿಂಗಮ್ಮನದು. ದೊಡ್ಡಪ್ಪನದು ಐದನೆಯದು.

“ಅಯ್ಯಯ್ಯೋ!” ಅಮ್ಮ ಕೆನ್ನೆ ಕೆನ್ನೆ ಬಡಿದುಕೊಂಡಳು. “ನನ್ನ ಯಾಕೆ ಎಲ್ಲಾರ್ಗಿಂತ ಮೇಲೆ ಕೂರ್ಸಿದೀಯೇ? ಇಳ್ಸೇ ನನ್ನ! ಇಳ್ಸೇ ಮೊದ್ಲು!”

“ಮೂಲೆಯಿಂದ ನಡೂಮಧ್ಯಕ್ಕೆ ಬಂದ್ನಲ್ಲ, ಅಷ್ಟು ಸಾಕು ಬಿಡಿ,” ಎಂದರು ದೊಡ್ಡಪ್ಪ, ಸಾಕು ಎನ್ನುವ ಲಕ್ಷಣ ಮುಖದ ಮೇಲೆ ಒಂದಿಷ್ಟೂ ಇಲ್ಲದೆ.

ಚಿಕ್ಕಪ್ಪ ಮೀಸೆಯಲ್ಲೇ ನಕ್ಕರು. “ನಾನು ಎರಡನೇದು. ನನಗೇನು ಬೇಜಾರಿಲ್ಲಪ್ಪ.”

“ನಿನ್ನ ಯಾರು ಕೇಳಿದ್ರು ನಂಜುಂಡ?”

“ಎಲ್ರೂ ಸುಮ್ನಿರ್ತೀರಾ ಒಂದ್ನಿಮಿಷ?” ರಮ್ಯಶ್ರೀ ದನಿಯೆತ್ತಿದಳು. ಕಾಲೇಜು ಹುಡುಗರು ತಿರುಗಿ ನೋಡಿದರು. ಅವಳು ಉಸಿರೆಳೆದುಕೊಂಡು, ಕ್ಲಿನಿಕ್ಕಿನಲ್ಲಿ ಕಿವಿ ಕೇಳದವರಿಗೆ ಹೇಳುವ ಹಾಗೆ ನಿಧಾನವಾಗಿ ಹೇಳಿದಳು. “ದೊಡ್ಡಪ್ಪ, ಶ್ರಾವಣದಲ್ಲಿ ನೀವು ಓದೋದು ಯಾವಾಗ? ಬಂದ ತಕ್ಷಣನಾ?”

“ಎಲ್ಲಾದ್ರೂ ಉಂಟಾ? ಮೊದ್ಲು ಮಕ್ಕಳು ಹಾಡ್ತಾವೆ. ಆಮೇಲೆ ಹೆಂಗಸ್ರ ಭಜನೆ. ಆಮೇಲೆ ತಾನೆ ನಾನು ಪೀಠಕ್ಕೆ ಬರೋದು.”

“ಯಾಕೆ ಕೊನೆಗೆ?”

“ಯಾಕೆ ಅಂದ್ರೆ? ದೊಡ್ಡ ಓದು ಕೊನೇಗೇ. ಅದಾದ್ಮೇಲೆ ಮಂಗಳಾರತಿನೇ.”

“ಇಲ್ಲೂ ಹಂಗೇ. ನೀವು ಪೀಠಕ್ಕೆ ಬರೋವರ್ಗೂ ಇವರೆಲ್ಲಾ ಮಕ್ಕಳ ಹಾಡು.”

ದೊಡ್ಡಪ್ಪ ಕನ್ನಡಕ ತೆಗೆದು ಒರೆಸಿಕೊಂಡರು. “ಹಂಗೆ ಹೇಳು ಮತ್ತೆ,” ಎಂದರು. “ಅದನ್ನ ಮೊದ್ಲೇ ಹಿಂಗೆ ಹೇಳಿದ್ರೆ ಯಾರು ಬೇಡ ಅಂತಿದ್ರು?”

ಎರಡನೆಯ ಸುತ್ತಿನಲ್ಲಿ ಅವರು ಬಾಗಿಲ ಬಳಿ ಕೈಕಟ್ಟಿ ನಿಂತು, ಉಳಿದ ನಾಲ್ವರನ್ನೂ ಒಬ್ಬೊಬ್ಬರಾಗಿ ಕಣ್ಸನ್ನೆಯಲ್ಲೇ ಕಳಿಸಿ, ಎಲ್ಲ ಮುಗಿದ ಮೇಲೆ ಪೀಠಕ್ಕೆ ಬಂದರು. ಪುಟದಲ್ಲಿ ಮೊದಲನೆಯ ಮುಖ ದೊಡ್ಡಹನುಮಯ್ಯನವರದಾಯಿತು. ಅಮರೇಶ ಪ್ರಿಂಟ್ ತೆಗೆದುಕೊಟ್ಟ. ದೊಡ್ಡಪ್ಪ ಅದನ್ನು ಮಡಿಚದೆ, ಮಡಿಕೆ ಬಿದ್ದೀತೆಂದು ಎರಡು ಕೈಯಲ್ಲೂ ಹಿಡಿದುಕೊಂಡೇ ಆಟೋ ಹತ್ತಿದರು. ಹತ್ತಿದವರು ತಲೆ ಹೊರಗೆ ಹಾಕಿ, “ಧಾರೆಗೆ ಬೆಳ್ಳಿ ಗಿಂಡಿ ನಮ್ಮನೇದೇ ತರ್ತೀನಿ ಕಣವ್ವ,” ಎಂದರು.

ರಮ್ಯಶ್ರೀಗೆ ಅಲ್ಲೇ ಫುಟ್‌ಪಾತಿನ ಮೇಲೆ ಕೂತುಬಿಡೋಣ ಅನ್ನಿಸಿತು.

*

ಮುಗಿಯಿತು ಅಂದುಕೊಂಡದ್ದು ಎರಡೇ ದಿನ. ಬುಧವಾರ ಅಮರೇಶ ಕ್ಲಿನಿಕ್ಕಿಗೇ ಬಂದ.

“ಅಕ್ಕಾರ, ದೊಡ್ಡವ್ರು ದಿನಾ ಬರಾಕತ್ಯಾರ. ನಾ ಶಟರ್ ಎತ್ತೂಕಿನ್ನ ಮೊದಲ ಮೆಟ್ಟಲ ಮ್ಯಾಲ ಕುಂತಿರ್ತಾರ. ನಾಲ್ಕನೇ ನಂಬರಿನಾಗ ಬ್ಯಾರೆ ಯಾರನ್ನೂ ಕುಂದರಸಂಗಿಲ್ಲ. ಪಾಸ್‌ವರ್ಡ್ ಬದಲಿ ಮಾಡೂದೂ ಕಲತಾರ.”

“ಪಾಸ್‌ವರ್ಡಾ? ಯಾಕೆ?”

“ನೀವು ಬದಲಿ ಹೋಗಿ ಕುಂತೀರಿ ಅಂತ. ಏನ್ ಇಟ್ಟಾರ ಯಾರಿಗೂ ಗೊತ್ತಿಲ್ಲ. ಬರಿಯೂ ಮುಂದ ನನ್ನನ್ನ ಹೊರಗ ಕಳಸ್ತಾರ.”

ವಿಷಯ ಸರಳವಾಗಿತ್ತು. ದೊಡ್ಡಪ್ಪ ಬೆಳಿಗ್ಗೆ ಎಂಟೂವರೆಗೆ ಮೊದಲ ಜಾಗಕ್ಕೆ ಬರುತ್ತಿದ್ದರು. ಚಿಕ್ಕಪ್ಪ ಹತ್ತಕ್ಕೆ ಮನೆಯಲ್ಲಿ ಕಂಪ್ಯೂಟರ್ ತೆಗೆದು ಅವರನ್ನು ಕೆಳಗಿಳಿಸುತ್ತಿದ್ದರು. ಸಂಜೆ ದೊಡ್ಡಪ್ಪ ಮತ್ತೆ ಬಂದು ಏರುತ್ತಿದ್ದರು. ಅವಳು ಸಿಟ್ಟಿನಿಂದ ಚಿಕ್ಕಪ್ಪನ ಅಂಗಡಿಗೆ ಹೋದಳು.

“ಚಿಕ್ಕಪ್ಪ, ಮದುವೆ ಮುಗಿಯೋವರ್ಗೂ ಅದನ್ನ ತೆಗೀಬೇಡಿ. ನಿಮ್ಮ ಕಾಲಿಗೆ ಬೀಳ್ತೀನಿ.”

“ನಾನೇನು ಬೇಕು ಅಂತ ಮಾಡ್ತಿದೀನಾ? ಯಾರಾದ್ರೂ ಸ್ಕ್ರಾಪ್ ಅಂತ ಎರಡು ಸಾಲು ಬರೆದು ಹಾಕಿದ್ರೆ ನೋಡ್ಬೇಡ್ವಾ?” ಸ್ವಿಚ್ಚುಗಳ ಡಬ್ಬಿಗಳ ನಡುವಿನಿಂದ ಚಿಕ್ಕಪ್ಪ ಮುಗ್ಧವಾಗಿ ಕಣ್ಣರಳಿಸಿದರು. “ಅಣ್ಣನಿಗೆ ಎಲ್ಲಾ ಕಡೆ ಮೊದಲು. ದೇವಸ್ಥಾನದಲ್ಲಿ ಮೊದಲು, ಪಂಚಾಯ್ತಿಲಿ ಮೊದಲು, ಪತ್ರಿಕೇಲಿ ಮೊದಲು. ಐವತ್ತೆರಡು ವರ್ಷಕ್ಕೆ ಒಂದು ಕಡೆ ನನ್ನ ಮುಖ ತಾನಾಗೇ ಮೇಲೆ ಬಂದ್ರೆ ಅದೂ ತಪ್ಪಾ?”

ಚಿಕ್ಕಪ್ಪನ ಮಾತಿನಲ್ಲಿ ಒಂದು ಎಳೆ ನೋವಿದೆ ಎನ್ನುವುದು ರಮ್ಯಶ್ರೀಯ ಕಿವಿಗೆ ಬಿತ್ತು. ಹಾಗೆ ಬಿದ್ದದ್ದೇ ಅವಳನ್ನು ಇನ್ನಷ್ಟು ರೇಗಿಸಿತು. ಒಬ್ಬರದಾದರೂ ಪೂರ್ತಿ ತಪ್ಪಾಗಿದ್ದಿದ್ದರೆ ಅವಳ ಕೆಲಸ ಎಷ್ಟು ಹಗುರವಾಗುತ್ತಿತ್ತು! ಗೌತಮ್‌ಗೆ ಫೋನಿನಲ್ಲಿ ಹೇಳಿಕೊಂಡರೆ ಅವನು ನಕ್ಕು ನಕ್ಕು, “ಪೇಜೇ ಡಿಲೀಟ್ ಮಾಡಿಬಿಡು ಗುರು,” ಎಂದ.

“ಡಿಲೀಟ್ ಮಾಡಿದ್ರೆ ಇಬ್ಬರೂ ಸೇರಿ ನನ್ನ ಮೇಲೆ ಬೀಳ್ತಾರೆ. ಮತ್ತೆ, ನಾನು ಗುರು ಅಲ್ಲ.”

“ಸರಿ ಮೇಡಂ.”

“ಮೇಡಮ್ಮೂ ಅಲ್ಲ!” ಅವಳು ಫೋನ್ ಇಟ್ಟಳು.

*

ಮುಹೂರ್ತ ಭಾನುವಾರ ಹತ್ತೂಕಾಲಿನಿಂದ ಹತ್ತೂ ಮುಕ್ಕಾಲು. ಛತ್ರ ಬಸವೇಶ್ವರನಗರದಲ್ಲೇ, ಅಮರೇಶನ ಅಂಗಡಿಯಿಂದ ನಾಲ್ಕು ಕ್ರಾಸ್ ಆಚೆ. ಬೆಳಿಗ್ಗೆ ಎಂಟಕ್ಕೆ ತಿಂಡಿಯ ಪಂಕ್ತಿಯಲ್ಲಿ ದೊಡ್ಡಪ್ಪ ರೇಷ್ಮೆ ಪಂಚೆ, ಪೇಟ, ಬೆಳ್ಳಿ ಗಿಂಡಿಯ ಸಮೇತ ಹಾಜರಿದ್ದರು. ರಮ್ಯಶ್ರೀ ಮೆಟ್ಟಿಲ ಮೇಲಿಂದ ಕಣ್ಣಾರೆ ಕಂಡಿದ್ದಳು. ಹತ್ತಾಗುವ ಹೊತ್ತಿಗೆ ಗಿಂಡಿ ಮಾತ್ರ ಇತ್ತು.

ಅಮ್ಮ ಹೆಣ್ಣಿನ ಕೋಣೆಗೆ ಓಡಿ ಬಂದಳು. “ಭಾವೋರು ಕಾಣ್ತಿಲ್ವಲ್ಲೇ! ಪುರೋಹಿತ್ರು ಕೂಗ್ತಾವ್ರೆ.”

ಬಾಗಿಲಲ್ಲಿ ಚಿಕ್ಕಪ್ಪ ನಿಂತಿದ್ದರು. ಅವರ ಮುಖ ನೋಡಿದ್ದೇ ರಮ್ಯಶ್ರೀಗೆ ಅರ್ಥವಾಯಿತು.

“ಏನು ಮಾಡಿದ್ರಿ ಚಿಕ್ಕಪ್ಪ?”

“ಏನೂ ಇಲ್ಲಮ್ಮ. ತಿಂಡಿ ಹೊತ್ತಲ್ಲಿ ತಮಾಷೆಗೆ ಅಂದೆ, ‘ಅಣ್ಣ, ಬೆಳಿಗ್ಗೆ ಆರಕ್ಕೇ ಎದ್ದು ಕಂಪ್ಯೂಟರ್ ತೆಗೆದೆ, ಮದ್ವೆ ದಿನ ನಾನೇ ಫಸ್ಟು’ ಅಂತ.”

ಅಷ್ಟರಲ್ಲಿ ಅಮ್ಮನ ಕೈಯಲ್ಲಿದ್ದ ರಮ್ಯಶ್ರೀಯ ಮೊಬೈಲು ಬಡಿದುಕೊಂಡಿತು. ಅಮರೇಶ. ಗೋರಂಟಿ ಹಚ್ಚಿದ ಕೈ ಬಳೆಗಳಿಂದ ಭಾರವಾಗಿತ್ತು. ಅಮ್ಮನೇ ಫೋನನ್ನು ಅವಳ ಕಿವಿಗೆ ಹಿಡಿದಳು.

“ಅಕ್ಕಾರ, ದೊಡ್ಡವ್ರು ಇಲ್ಲೇ ಅದಾರ್ರಿ, ನಾಲ್ಕನೇ ನಂಬರಿನ ಮುಂದ. ಕೇಬಲ್ ಎಲ್ಲೋ ಕಡದು ನೆಟ್ ಹೋಗೇತಿ. ಬರೂತನಕ ಏಳಂಗಿಲ್ಲ ಅಂತ ಕುಂತಾರ. ನಾ ಹೇಳಿ ಹೇಳಿ ಸಾಕಾದೆ.”

“ಅವರಿಗೆ ಕೊಡಿ.”

ದೊಡ್ಡಪ್ಪನ ದನಿ ಬಂತು, ಏನೂ ಆಗಿಲ್ಲವೆನ್ನುವಂತೆ. “ರಮ್ಯಾ, ಐದೇ ನಿಮಿಷ ಕಣವ್ವ. ಇದು ಸುತ್ತಾ ಐತೆ, ಸುತ್ತಾ ಐತೆ, ಇನ್ನೇನು ಬಂತು. ಹುಡುಗನ ಅಕ್ಕ ಇವತ್ತು ಅಲ್ಲಿಂದ್ಲೇ ನೋಡ್ತಾಳೆ. ಮೊದಲ್ನೇ ಜಾಗದಲ್ಲಿ ಆ ನಂಜುಂಡನ ಮುಖ ಕಂಡ್ರೆ, ಬೀಗರು ಏನಂದ್ಕೊಂಡಾರು? ಮನೇಗೆ ಹಿರೀಕ್ರು ಅಂತ ಒಬ್ರು...”

“ಸುಮ್ನಿರಿ ದೊಡ್ಡಪ್ಪ.”

ಕೋಣೆಯಲ್ಲಿದ್ದ ಹೆಂಗಸರೆಲ್ಲ ಅವಳತ್ತ ತಿರುಗಿದರು.

“ಅಲ್ಲಿ ನಿಮ್ಮನ್ನ ಮೇಲೆ ಕೂರ್ಸೋದು ನನ್ನ ಕೈಲಿಲ್ಲ. ಯಾರು ಬಾಗಿಲು ತೆಗೆದ್ರೂ ನೀವು ಒಂದು ಮೆಟ್ಲು ಇಳೀತೀರಾ. ಇವತ್ತು ಹತ್ತಿದ್ರೆ ನಾಳೆ ಇಳೀತೀರಾ. ದಿನಾ ಹೋಗಿ ಕಾಯ್ತೀರಾ? ಕಾಯ್ಕೊಳಿ. ಇಲ್ಲಿ ಒಂದು ಜಾಗ ಇದೆ. ನಮ್ಮಪ್ಪ ಹೋದ ದಿನದಿಂದ ಅದು ನಿಮ್ಮದು. ಅಲ್ಲಿಗೆ ಇನ್ನೊಬ್ಬರು ಬಂದು ನಿಂತ್ರೆ ನಾನು ಕೈ ಚಾಚಲ್ಲ. ಅದು ಖಾಲಿ ಇದ್ರೆ ಈ ಕೋಣೆಯಿಂದ ಹೊರಗೇ ಬರಲ್ಲ. ಮುಹೂರ್ತ ಹತ್ತೂ ಮುಕ್ಕಾಲಿಗೆ ಮುಗಿಯುತ್ತೆ. ನಿಮಗೆ ಯಾವ ಜಾಗ ಬೇಕೋ ನೀವೇ ನೋಡ್ಕೊಳಿ.”

ಅತ್ತ ಕಡೆ ಯಾರೋ ಕೆಮ್ಮಿದರು, ಕುರ್ಚಿ ಎಳೆದ ಸದ್ದಾಯಿತು. ರಮ್ಯಶ್ರೀಯ ಕಣ್ಣಿನ ಕಾಡಿಗೆ ಇಳಿಯತೊಡಗಿತು. ಪಾರ್ಲರಿನ ಹುಡುಗಿ ಹತ್ತಿ ಹಿಡಿದು ಓಡಿ ಬಂದವಳು, ಅವಳ ಮುಖ ನೋಡಿ ಹತ್ತಿರ ಬರಲು ಹೆದರಿ ಅಲ್ಲೇ ನಿಂತಳು.

“ಗಾಡಿ ಕಳ್ಸು,” ಎಂದರು ದೊಡ್ಡಪ್ಪ.

ರಮ್ಯಶ್ರೀ ತಲೆಯೆತ್ತಿದಳು. “ಚಿಕ್ಕಪ್ಪ, ಬೇರೆಯವರನ್ನ ಕಳಿಸಬೇಡಿ. ನೀವೇ ಹೋಗಿ.”

“ನಾನಾ? ನಾನು ಹೋದ್ರೆ ಅಣ್ಣ ಗಾಡಿ ಹತ್ತಲ್ಲ ಕಣಮ್ಮ. ನಾನೇನು...” ಅವಳು ನೋಡಿದ ನೋಟಕ್ಕೆ ಚಿಕ್ಕಪ್ಪ ಅರ್ಧಕ್ಕೇ ನಿಲ್ಲಿಸಿದರು. ಜೇಬು ತಡಕಿ ಸ್ಕೂಟರಿನ ಕೀ ತೆಗೆದು, ರೇಷ್ಮೆ ಪಂಚೆಯನ್ನು ಮೊಣಕಾಲ ಮೇಲಕ್ಕೆತ್ತಿ ಕಟ್ಟಿ ಓಡಿದರು.

ಹದಿನಾಲ್ಕು ನಿಮಿಷ ಬಿಟ್ಟು ಕಿಟಕಿಯ ಹತ್ತಿರ ನಿಂತಿದ್ದ ದೊಡ್ಡಮ್ಮ, “ಬಂದ್ರು! ಇಬ್ರೂ ಒಂದೇ ಗಾಡೀಲಿ!” ಎಂದು ಕೂಗಿದರು. ಮುಂದೆ ಚಿಕ್ಕಪ್ಪ, ಹಿಂದೆ ಪೇಟವನ್ನು ಕಂಕುಳಲ್ಲಿ ಅವುಚಿಕೊಂಡ ದೊಡ್ಡಪ್ಪ. ಗೇಟಿನಿಂದ ಮಂಟಪದವರೆಗೂ ಇಬ್ಬರೂ ಜಗಳವಾಡುತ್ತಲೇ ಬಂದರು. ಸಿಗ್ನಲ್‌ನಲ್ಲಿ ನಿಲ್ಲಿಸಿದ್ದು ಯಾಕೆ ಅಂತ ಒಬ್ಬರು, ನಿಲ್ಲಿಸದೆ ಪೊಲೀಸಿನವನ ಮೇಲೆ ಹತ್ತಿಸಬೇಕಿತ್ತಾ ಅಂತ ಇನ್ನೊಬ್ಬರು.

ಮಂಟಪದಲ್ಲಿ ಗಟ್ಟಿಮೇಳ ಮೊಳಗಿತು. ಗೌತಮ್‌ನ ಬೊಗಸೆಯ ಮೇಲೆ ರಮ್ಯಶ್ರೀ ಬೊಗಸೆಯಿಟ್ಟಳು, ಅದರ ಮೇಲೆ ತೆಂಗಿನಕಾಯಿ. ದೊಡ್ಡಮ್ಮ ಒಂದು ಕೈಯಿಂದ, ದೊಡ್ಡಪ್ಪ ಎರಡು ಕೈಯಿಂದ ಗಿಂಡಿ ಹಿಡಿದರು. ಓಡಿ ಬಂದ ಉಸಿರು ಇನ್ನೂ ಕೂತಿರಲಿಲ್ಲ. ಹಾಲು ಎಳೆಯಾಗಿ ಬರದೆ ತಡೆತಡೆದು ಬೀಳುತ್ತಿತ್ತು. ತಣ್ಣಗೆ ಅವಳ ಬೆರಳ ಸಂದಿಯಲ್ಲಿ ಇಳಿಯಿತು. ಅಷ್ಟು ದಿನದ ತಲೆನೋವೆಲ್ಲ ಅದರ ಜೊತೆ ಇಳಿದು ಹೋಗುತ್ತದೆಂದು ಅವಳು ಕಣ್ಣು ಮುಚ್ಚಿದಳು.

ದೊಡ್ಡಪ್ಪ ಬಗ್ಗಿ ಅವಳ ಕಿವಿಯ ಹತ್ತಿರ ಬಾಯಿ ತಂದರು. ಆಶೀರ್ವಾದವಿರಬೇಕೆಂದು ಅವಳು ತಲೆ ಬಾಗಿಸಿದಳು.

“ಬೆಳಿಗ್ಗೆ ಆರಕ್ಕಲ್ಲವಂತೆ ಕಣವ್ವ,” ಅವರು ಪಿಸುಗುಟ್ಟಿದರು. “ದಾರೀಲಿ ನಂಜುಂಡ ಬಾಯಿಬಿಟ್ಟ. ಇವತ್ತು ತೆಗೆದೇ ಇರ್ಲಿಲ್ವಂತೆ. ನನ್ನ ರೇಗ್ಸಕ್ಕೆ ಅಂದ್ನಂತೆ. ಅಂದ್ರೆ ಅಲ್ಲೂ ನಾನೇ ಮೊದ್ಲು, ನಿನ್ನೆ ಸಂಜೆಯಿಂದ.”

ರಮ್ಯಶ್ರೀ ಕಣ್ಣು ಬಿಟ್ಟಳು. ಎದುರಿಗೆ ಗೌತಮ್ ನಗು ತಡೆಯಲಾರದೆ ತುಟಿ ಕಚ್ಚಿಕೊಂಡಿದ್ದ.

“ದೊಡ್ಡಪ್ಪ,” ಎಂದಳು, “ಹಾಲು ಪಂಚೆ ಮೇಲೆ ಹೋಗ್ತಿದೆ. ಕೈ ಕಡೆ ನೋಡ್ಕೊಂಡು ಹೊಯ್ಯಿರಿ.”